ಮಾವನನ್ನು ನೋಡಲು ಪಿಂಟುವನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಉಡುಪಿ ಹತ್ತಿರ ಕಟಪಾಡಿ. ಮಾವನಿಗೆ 78 ವರ್ಷ. ಕಳೆದ ದೀಪಾವಳಿ ಹೊತ್ತಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಸ್ವಾಧೀನ ಹೋಗಿದೆ. ಮಾತು ಬಹಳ ಕಡಿಮೆ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುವವರು, ಅತ್ತೆಗೆ ಅವರನ್ನು ಎತ್ತಿ ಇಳಿಸಲು ಆಗುವುದಿಲ್ಲ. ಹಾಗಾಗಿ ಮೂರು ತಿಂಗಳಿಂದ ಮಣಿಪಾಲದ ಹತ್ತಿರ ಒಂದು ಆರೈಕೆ ಕೇಂದ್ರದಲ್ಲಿದ್ದಾರೆ. ನಮ್ಮಲ್ಲಿ ಪಿಂಟು ಅಂತ ಐದು ವರ್ಷದ ಲ್ಯಾಬ್ರಡಾರ್ ಇದೆ. ಮನೆಯ ನಾಯಿ ಅನ್ನುವುದಕ್ಕಿಂತ ಮಾವನ ನಾಯಿ. ಈಗಲೂ ಸಂಜೆಯಾದರೆ ಜಗಲಿಯಲ್ಲಿ ಅವರ ಕುರ್ಚಿ ಪಕ್ಕವೇ ಮಲಗುತ್ತದೆ. ಮೊಬೈಲಿನಲ್ಲಿ ಪಿಂಟುವಿನ ಫೋಟೋ ತೋರಿಸಿದರೆ ಮಾವ ಎಡಗೈಯಿಂದ ಪರದೆ ಸವರುತ್ತಾರೆ. ಕೇಂದ್ರದ ಮ್ಯಾನೇಜರ್ ‘ಕರ್ಕೊಂಡು ಬನ್ನಿ, ಇಲ್ಲಿ ಇನ್ನೂ ಇಪ್ಪತ್ತು ಜನ ಇದ್ದಾರೆ, ಎಲ್ಲರಿಗೂ ಖುಷಿ ಆಗ್ತದೆ, ಥೆರಪಿ ಡಾಗ್ ವಿಡಿಯೋ ನೋಡಿದ್ದೇನೆ’ ಅಂದರು. ಮುಂಬೈಯಲ್ಲಿರುವ ನಾದಿನಿ ರೇಬಿಸ್, ಉಬ್ಬಸ ಅಂತ ಹೆದರಿಸುತ್ತಿದ್ದಾಳೆ. ಅತ್ತೆ ‘ಅಲ್ಲಿ ಜಪ, ಪೂಜೆ ಮಾಡುವವರಿದ್ದಾರೆ, ಮೈಲಿಗೆ’ ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಬ್ಬರು ದುಡ್ಡು ಕಟ್ಟಿದರೆ ಥೆರಪಿ ಡಾಗ್ ಸರ್ಟಿಫಿಕೇಟ್ ಕಳಿಸುತ್ತೇವೆ ಅಂದರು. ಮಾಡಿಸಲಾ? ಏನು ಮಾಡಲಿ?

ಉತ್ತರ: ಪಶುವೈದ್ಯನಾಗಿ ಮೊದಲಿಗೆ ಹೇಳುವುದು, ಆ ಸರ್ಟಿಫಿಕೇಟಿಗೆ ದುಡ್ಡು ಕಟ್ಟಬೇಡಿ. ನಾಯಿಯನ್ನು ನೋಡದೆ, ಮುಟ್ಟದೆ, ಅಂಚೆಯಲ್ಲಿ ಬರುವ ಕಾಗದ ಅದು. ಅದರಿಂದ ಯಾವ ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನೀವು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದ್ದೀರಿ. ಪಿಂಟು ಮಾವನನ್ನು ನೋಡಬಹುದಾ ಅನ್ನುವುದು ಒಂದು. ಪಿಂಟು ಅಲ್ಲಿನ ಇಪ್ಪತ್ತು ಜನಕ್ಕೂ ಥೆರಪಿ ಡಾಗ್ ಆಗಬಹುದಾ ಅನ್ನುವುದು ಇನ್ನೊಂದು. ನನ್ನ ಉತ್ತರ, ಮೊದಲನೆಯದಕ್ಕೆ ಹೌದು, ಸಾಧ್ಯವಾದರೆ ಮಳೆ ಹಿಡಿಯುವ ಮೊದಲೇ. ಎರಡನೆಯದಕ್ಕೆ ಈಗ ಬೇಡ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದಾರೆ, ಆದರೆ ಅವರು ನೋಡಿದ ಎರಡು ನಿಮಿಷದ ವಿಡಿಯೋದ ಹಿಂದೆ ಆ ನಾಯಿಗೆ ಬಹಳ ದಿನದ ತಯಾರಿ ಇರುತ್ತದೆ, ಅದು ವಿಡಿಯೋದಲ್ಲಿ ಕಾಣುವುದಿಲ್ಲ ಅಲ್ವಾ.

ಥೆರಪಿ ಡಾಗ್ ಅಂದರೆ ಪ್ರೀತಿಯ ನಾಯಿ ಅಂತ ಜಾಸ್ತಿ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಬೇರೆ, ಅದು ಒಬ್ಬರ ಜೊತೆಗೇ ಇದ್ದು ಕೆಲಸ ಮಾಡುವ ನಾಯಿ. ಮನೆಯಲ್ಲಿ ನಮಗೆ ಸಮಾಧಾನ ಕೊಡುವ ಸಾಕುನಾಯಿ ಬೇರೆ. ಥೆರಪಿ ಡಾಗ್ ಅಂದರೆ ಗುರುತಿಲ್ಲದವರ ಹತ್ತಿರ ತಾನಾಗಿ ಹೋಗಿ, ಅವರು ಕಿವಿ ಎಳೆದರೂ, ವಾಕರ್ ಟಣ್ ಅಂತ ಬಿದ್ದರೂ, ಪಕ್ಕದ ಮಂಚದವರು ಕಿರುಚಿದರೂ ಗಾಬರಿಯಾಗದೆ ನಿಲ್ಲುವ ನಾಯಿ, ಜೊತೆಗೆ ಅದನ್ನು ಚೆನ್ನಾಗಿ ಓದಬಲ್ಲ ಒಬ್ಬ ಮನುಷ್ಯ. ಇಬ್ಬರೂ ಸೇರಿ ಒಂದು ಜೋಡಿ. ನಾಯಿಯೊಂದಕ್ಕೇ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಇದು ಇತ್ತೀಚಿನ ಷೋಕಿ ಏನೂ ಅಲ್ಲ. ದೀರ್ಘಕಾಲದ ರೋಗಿಗಳಿಗೆ ಪುಟ್ಟ ಸಾಕುಪ್ರಾಣಿ ಒಳ್ಳೆಯ ಸಂಗಾತಿ ಅಂತ ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಬರೆದಿದ್ದರು. 1960ರ ದಶಕದಲ್ಲಿ ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ತಮ್ಮ ನಾಯಿ ಜಿಂಗಲ್ಸ್ ಜೊತೆ, ಯಾರ ಜೊತೆಗೂ ಮಾತಾಡದ ಒಬ್ಬ ಹುಡುಗ ಮಾತಾಡಿದ್ದನ್ನು ನೋಡಿ ಈ ದಾರಿಯನ್ನು ಗಂಭೀರವಾಗಿ ಹಿಡಿದರು. ಅಲ್ಲೇ 1976ರಲ್ಲಿ ಎಲೈನ್ ಸ್ಮಿತ್ ಅನ್ನುವ ನರ್ಸ್ ಇದಕ್ಕೆಂದೇ ಸಂಸ್ಥೆ ಕಟ್ಟಿದರು. ನಮ್ಮ ದೇಶದಲ್ಲಿ ಮುಂಬೈಯ ಅನಿಮಲ್ ಏಂಜಲ್ಸ್ ಫೌಂಡೇಶನ್ ಈ ಕೆಲಸ ಮಾಡುತ್ತಿದೆ. ನಾದಿನಿ ಅಲ್ಲೇ ಇದ್ದಾರಲ್ಲ, ಒಮ್ಮೆ ವಿಚಾರಿಸಲಿ, ಹೆದರಿಕೆ ಅರ್ಧ ಕಡಿಮೆಯಾದೀತು.

ಉಪಯೋಗ ಇದೆಯಾ ಅಂದರೆ, ಇದೆ, ಆದರೆ ಮ್ಯಾನೇಜರ್ ಅಂದುಕೊಂಡಷ್ಟು ಅಲ್ಲ. ಹೃದಯ ವೈಫಲ್ಯದಿಂದ ಆಸ್ಪತ್ರೆಯಲ್ಲಿದ್ದ 76 ಜನರ ಮೇಲೆ ಮಾಡಿದ ಒಂದು ಅಧ್ಯಯನ 2007ರಲ್ಲಿ ಅಮೆರಿಕದಲ್ಲಿ ಬಂತು. 12 ನಿಮಿಷ ನಾಯಿ ಜೊತೆಗಿದ್ದವರಲ್ಲಿ ಆತಂಕ ಇಳಿದಿತ್ತು, ಶ್ವಾಸಕೋಶದ ರಕ್ತನಾಳದ ಒತ್ತಡವೂ ಇಳಿದಿತ್ತು. ಬರೀ ಮನುಷ್ಯರು ಬಂದು ಮಾತಾಡಿಸಿದವರಲ್ಲಿ ಅಷ್ಟು ಇಳಿದಿರಲಿಲ್ಲ. ಆದರೆ ಅದು ಆ ಹೊತ್ತಿನ ಮಾತು. ನಾಯಿ ಬಂದು ಹೋದದ್ದರಿಂದ ಸ್ಟ್ರೋಕ್ ಆದ ಕೈ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು, ನಾಯಿಯ ಮೈಗೆ ಬ್ರಷ್ ಹಾಕಿಸುತ್ತಾ ಬಲಗೈಗೆ ವ್ಯಾಯಾಮ ಮಾಡಿಸಬಹುದು, ಅದು ನಿಜವಾದ ಚಿಕಿತ್ಸೆಯ ಭಾಗ. ಅಲ್ಲೂ ಕೆಲಸ ಮಾಡುವುದು ವ್ಯಾಯಾಮವೇ. ನಾಯಿ ಇದ್ದರೆ ವ್ಯಾಯಾಮ ಬೇಸರವಾಗುವುದಿಲ್ಲ, ಅಷ್ಟೆ.

ನಿಮ್ಮ ಮಾವನ ವಿಷಯದಲ್ಲಿ ಮಾತ್ರ ನನಗೆ ಆಸೆ ಜಾಸ್ತಿ, ಯಾಕೆಂದರೆ ಅದು ಅವರದೇ ನಾಯಿ. ನಾಯಿ ಮತ್ತು ಅದರ ಯಜಮಾನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರುತ್ತದೆ ಅಂತ ಜಪಾನಿನ ತಂಡವೊಂದು 2015ರಲ್ಲಿ ತೋರಿಸಿತು. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಮಾತು ಹೋದವರ ಜೊತೆ ಮನುಷ್ಯರಾದ ನಾವು ಸುಮ್ನೆ ಕೂರುವುದಿಲ್ಲ, ‘ಊಟ ಆಯ್ತಾ, ನಿದ್ರೆ ಬಂತಾ, ನಾನು ಯಾರು ಹೇಳಿ ನೋಡುವಾ’ ಅಂತ ಪರೀಕ್ಷೆ ಮಾಡುತ್ತಲೇ ಇರುತ್ತೇವೆ. ಉತ್ತರ ನಾಲಿಗೆಯವರೆಗೆ ಬಂದು ನಿಂತುಬಿಟ್ಟಾಗ ಅವರಿಗೆ ಆಗುವ ಸಂಕಟ ನಮಗೆ ತಿಳಿಯುವುದಿಲ್ಲ. ನಾಯಿ ಏನೂ ಕೇಳುವುದಿಲ್ಲ.

ಇನ್ನು ನಾದಿನಿಯ ಹೆದರಿಕೆ. ಅವರು ಹೇಳಿದ್ದರಲ್ಲಿ ಸ್ವಲ್ಪ ಸುಳ್ಳು, ಸ್ವಲ್ಪ ನಿಜ. ನಿಜವಾಗಿ ಹೆದರಬೇಕಾದ್ದನ್ನು ಅವರು ಹೇಳಲೇ ಇಲ್ಲ.

ರೇಬಿಸ್ ಬಗ್ಗೆ ಹಗುರವಾಗಿ ಮಾತಾಡುವವನು ನಾನಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ರೇಬಿಸ್ ನಾಯಿಯ ರೋಮದಿಂದ, ಮೈಯಿಂದ, ಉಸಿರಿನಿಂದ ಬರುವುದಿಲ್ಲ. ಸೋಂಕು ತಗಲಿದ ಪ್ರಾಣಿಯ ಜೊಲ್ಲು ಕಚ್ಚಿದ ಗಾಯಕ್ಕೋ, ಪರಚಿದ ಗಾಯಕ್ಕೋ, ಕಣ್ಣು ಬಾಯಿಯ ಒಳಚರ್ಮಕ್ಕೋ ತಾಗಿದರೆ ಬರುತ್ತದೆ. ವರ್ಷಾವರ್ಷ ತಪ್ಪದೆ ಇಂಜೆಕ್ಷನ್ ಹಾಕಿಸಿದ, ಬೀದಿಗೆ ಒಂಟಿಯಾಗಿ ಬಿಡದ ಮನೆನಾಯಿಯಿಂದ ಈ ಅಪಾಯ ತೀರಾ ಕಡಿಮೆ. ಪಿಂಟುವಿನ ಕಾರ್ಡು ತೆಗೆದು ನೋಡಿ. ತಾರೀಕು ಮೀರಿದ್ದರೆ ಮೊದಲು ಹಾಕಿಸಿ, ಮಾವನ ಭೇಟಿ ಆಮೇಲೆ. ಇಷ್ಟೆಲ್ಲ ಇದ್ದರೂ ಹಲ್ಲೋ ಉಗುರೋ ತಾಗಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು, ಅವತ್ತೇ ಡಾಕ್ಟರಿಗೆ ತೋರಿಸುವುದು. ‘ನಮ್ಮ ನಾಯಿ ಅಲ್ವಾ, ಏನಾಗ್ತದೆ’ ಅನ್ನುವ ಧೈರ್ಯ ಬೇಡ.

ಉಬ್ಬಸದ ಮಾತು ಅರ್ಧ ನಿಜ. ಅಲರ್ಜಿ ರೋಮದಿಂದಲ್ಲ, ನಾಯಿಯ ಜೊಲ್ಲು ಮತ್ತು ಉದುರುವ ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನಿನಿಂದ. ಹಾಗಾಗಿ ರೋಮ ಉದುರದ ಜಾತಿಯಾದರೆ ಅಲರ್ಜಿಯೇ ಇಲ್ಲ ಅಂತ ನಾಯಿ ಮಾರುವವರು ಹೇಳುವುದೂ ಸರಿಯಲ್ಲ. ಮಾವ ಐದು ವರ್ಷ ಪಿಂಟುವಿನ ಜೊತೆಗೇ ಇದ್ದವರು, ಅವರಿಗೆ ತೊಂದರೆ ಇಲ್ಲ. ಪಕ್ಕದ ಮಂಚದವರಿಗೆ ಉಬ್ಬಸ ಇರಬಹುದು, ಅದಕ್ಕೇ ಕೋಣೆಯೊಳಗೆ ಬೇಡ ಅನ್ನುವುದು. ನಾಯಿಯ ರೋಮ ಹೊಟ್ಟೆಗೆ ಹೋದರೆ ರೋಗ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ರೋಮ ಪಾಪ ಏನೂ ಮಾಡುವುದಿಲ್ಲ, ಹುಳದ ಮೊಟ್ಟೆ ಅಂಟಿದ್ದರೆ ಅದರಿಂದ ತೊಂದರೆ. ಹುಳದ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೀರಾ ನೋಡಿ.

ನಾದಿನಿ ಹೇಳದೇ ಬಿಟ್ಟದ್ದು ಇಲಿಜ್ವರ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಗಾಲ ಅಂದರೆ ಇಲಿಜ್ವರ ಇದ್ದದ್ದೇ. ಇಲಿಯ ಮೂತ್ರ ಬೆರೆತ ಗದ್ದೆಯ ನೀರು, ತೋಡಿನ ನೀರು, ಅಂಗಳದಲ್ಲಿ ನಿಂತ ನೀರು ಇದನ್ನೆಲ್ಲ ಕುಡಿದೋ ತುಳಿದೋ ನಾಯಿಗೆ ಬರುತ್ತದೆ, ಆಮೇಲೆ ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣುವ ನಾಯಿಯೂ ಮೂತ್ರದಲ್ಲಿ ಆ ಬ್ಯಾಕ್ಟೀರಿಯಾ ಬಿಡುತ್ತಿರಬಹುದು. ಮಂಚದ ಕಾಲಿಗೆ ಒಮ್ಮೆ ಕಾಲೆತ್ತಿದರೆ ಸಾಕು. ಹಾಸಿಗೆ ಹುಣ್ಣು ಇರುವವರು, ಶುಗರ್‌ನಿಂದ ಕಾಲಿನ ಗಾಯ ಮಾಗದವರು ಅಲ್ಲಿರುತ್ತಾರೆ. ವರ್ಷಕ್ಕೊಮ್ಮೆ ಹಾಕಿಸುವ ಕಂಬೈನ್ಡ್ ಇಂಜೆಕ್ಷನಿನಲ್ಲಿ ಇಲಿಜ್ವರದ ಲಸಿಕೆ ಸೇರಿದೆಯಾ ಅಂತ ಪಿಂಟುವಿನ ಡಾಕ್ಟರ ಹತ್ತಿರ ಕೇಳಿ. ಅದೂ ಆ ಬ್ಯಾಕ್ಟೀರಿಯಾದ ಎಲ್ಲ ತಳಿಗಳನ್ನು ತಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಯಾವ ನಾಯಿಯನ್ನೂ ಇಂಥ ಕಡೆ ಕರೆದುಕೊಂಡು ಹೋಗುವುದಿಲ್ಲ. ಇಲಿಜ್ವರ ಒಂದೇ ಅಲ್ಲ, ಆ ತೇವಕ್ಕೆ ನಾಯಿಯ ಮೈಯಲ್ಲಿ ಹುಳುಕಡ್ಡಿ, ಕಿವಿಯಲ್ಲಿ ಫಂಗಸ್, ಬೆರಳ ಸಂದಿಯಲ್ಲಿ ಉಣ್ಣಿ, ಏನಾದರೊಂದು ಇದ್ದೇ ಇರುತ್ತದೆ.

ಇನ್ನೊಂದು ಪ್ರಶ್ನೆ, ಉತ್ತರ ನಿಜ ಹೇಳಬೇಕು. ಪಿಂಟುವಿಗೆ ಕೋಳಿ ಅಂಗಡಿಯ ವೇಸ್ಟ್ ಹಸಿಯಾಗಿ ಹಾಕುತ್ತೀರಾ? ಮೀನು ಕ್ಲೀನ್ ಮಾಡಿದ ಮೇಲೆ ತಲೆ, ಕರುಳು? ನಮ್ಮ ಕಡೆ ಮಾಮೂಲು, ತಪ್ಪೇನಿಲ್ಲ ಅಂದುಕೊಳ್ಳುತ್ತೇವೆ. ಹಸಿ ಮಾಂಸ ತಿನ್ನುವ ನಾಯಿ ತನಗೇನೂ ಆಗದೆ ಸಾಲ್ಮೊನೆಲ್ಲಾದಂಥವನ್ನು ಮಲದಲ್ಲಿ ಬಿಡುತ್ತದೆ, ಆಮೇಲೆ ಹಿಂದುಮುಂದು ನೆಕ್ಕಿಕೊಂಡು ಅದೇ ನಾಲಿಗೆಯಲ್ಲಿ ಅಜ್ಜನ ಕೈ ನೆಕ್ಕುತ್ತದೆ. ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘ 2015ರಲ್ಲಿ ಕೊಟ್ಟ ಸಲಹೆಯಲ್ಲಿ, ಹಿಂದಿನ 90 ದಿನಗಳಲ್ಲಿ ಹಸಿ ಮಾಂಸ ತಿಂದ ನಾಯಿ ರೋಗಿಗಳ ಹತ್ತಿರ ಬರಬಾರದು ಅಂತಲೇ ಇದೆ. ಬೇಯಿಸಿ ಹಾಕಿದರೆ ಈ ತಲೆನೋವಿಲ್ಲ. ಅದೇ ಸಂಘ ಆಸ್ಪತ್ರೆಯೊಳಗೆ ಮನೆಯ ಸಾಕುನಾಯಿ ತರುವುದಕ್ಕೆ ತರಬೇತಿಯ ನಾಯಿಗಿಂತ ಬಿಗಿಯಾಗಿ ಬೇಡ ಅನ್ನುತ್ತದೆ, ಕೊನೆಗಾಲದಂಥ ವಿಶೇಷ ಸಂದರ್ಭ ಬಿಟ್ಟು. ಮಾವ ಈಗ ಆಸ್ಪತ್ರೆಯ ವಾರ್ಡಿನಲ್ಲಿದ್ದಿದ್ದರೆ ನನ್ನ ಉತ್ತರವೂ ಹಾಗೇ ಇರುತ್ತಿತ್ತು. ಐಸಿಯು, ಕೀಮೋ ತೆಗೆದುಕೊಳ್ಳುವವರು, ಸೋಂಕಿಗೆಂದು ಬೇರೆ ಇಟ್ಟವರು, ಇವರ ಹತ್ತಿರ ಯಾವ ನಾಯಿಯೂ ಬೇಡ. ಆರೈಕೆ ಕೇಂದ್ರ ಅಂದರೆ ಒಂದು ಬಗೆಯಲ್ಲಿ ಮನೆ, ಅಂಗಳ ಇದೆ, ಮರ ಇದೆ. ಅದಕ್ಕೇ ಹೌದು ಅಂದೆ.

ಅತ್ತೆಯ ಮಾತಿಗೆ ಬರುವಾ. ಮಂಗಳೂರಿನ ಕದ್ರಿಯ ದೇವಸ್ಥಾನ ನೋಡುತ್ತಾ ಬೆಳೆದವನು ನಾನು, ಭೈರವನ ವಾಹನವೇ ನಾಯಿ ಅಲ್ವಾ ಅಂತ ವಾದ ಹೂಡಬಹುದು. ಹೂಡುವುದಿಲ್ಲ. ಮಡಿ ಅನ್ನುವವರಿರುತ್ತಾರೆ, ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಮೊದಲು ತೊಳೆದುಕೊಳ್ಳಬೇಕಾದ ಬ್ಯಾರಿ ಅಜ್ಜಂದಿರಿರುತ್ತಾರೆ, ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ಇವತ್ತಿಗೂ ನಡುಗುವವರಿರುತ್ತಾರೆ. ಮಂಚದಲ್ಲಿ ಮಲಗಿದವರಿಗೆ ಎದ್ದು ಹೋಗಲು ಆಗುವುದಿಲ್ಲ ಅನ್ನುವುದನ್ನು ಮರೆಯಬಾರದು. ಅವರನ್ನು ಮೊದಲೇ ಕೇಳಬೇಕು, ನಾಯಿ ಬಾಗಿಲಲ್ಲಿ ನಿಂತ ಮೇಲಲ್ಲ.

ಈಗ ಪಿಂಟುವಿನ ಕಡೆಯಿಂದ ನೋಡುವಾ, ಯಾಕೆಂದರೆ ಅವನ ಪರವಾಗಿ ಯಾರೂ ಪತ್ರ ಬರೆದಿಲ್ಲ. ಲ್ಯಾಬ್ರಡಾರ್ ಅಂದರೆ ಸಾಧು ಅನ್ನುವ ನಂಬಿಕೆಯಿಂದ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನನ್ನಲ್ಲಿ ಜೂಲಿ ಅಂತ ಲ್ಯಾಬ್ ಮಿಶ್ರ ತಳಿಯ ಹೆಣ್ಣುನಾಯಿ ಇತ್ತು. ಕ್ಲಿನಿಕ್ಕಿಗೆ ಬಂದ ಮಕ್ಕಳೆಲ್ಲ ಅದರ ಬೆನ್ನ ಮೇಲೆ. ಮಂಗಳೂರಿನ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದೆ. ಒಂದೂವರೆ ಗಂಟೆ, ಹದಿನಾಲ್ಕು ಜನ, ಎಲ್ಲರಿಗೂ ಮುಟ್ಟಬೇಕು, ಎಲ್ಲರ ಮಕ್ಕಳಿಗೂ ಫೋಟೋ ಕಳಿಸಬೇಕು. ಜೂಲಿ ಒಂದು ಸಲವೂ ಗುರ್ ಅನ್ನಲಿಲ್ಲ. ಆಕಳಿಸುತ್ತಿತ್ತು, ತುಟಿ ನೆಕ್ಕಿಕೊಳ್ಳುತ್ತಿತ್ತು, ಮುಖ ಆಚೆ ತಿರುಗಿಸುತ್ತಿತ್ತು. ಪಶುವೈದ್ಯನಾದ ನಾನು, ಮಾರಾಯ್ರೇ, ‘ಪಾಪ, ನಿದ್ರೆ ಬರ್ತಿದೆ’ ಅಂದುಕೊಂಡೆ. ಅದು ನಾಯಿ ತನ್ನ ಭಾಷೆಯಲ್ಲಿ ಸಾಕು ಅನ್ನುವ ರೀತಿ, ಬೇರೆಯವರಿಗೆ ದಿನಾ ಹೇಳಿಕೊಡುವ ಪಾಠ, ಖುಷಿಯ ಗೌಜಿನಲ್ಲಿ ನನಗೇ ಕಾಣಲಿಲ್ಲ. ಮೂರನೆಯ ಸಲ ಆಶ್ರಮದ ಗೇಟಿನಲ್ಲಿ ಕಾರಿನ ಬಾಗಿಲು ತೆರೆದರೆ ಇಳಿಯಲೇ ಇಲ್ಲ, ಸೀಟಿನ ಅಡಿಗೆ ನುಗ್ಗಿ ಕೂತಿತು. ಮತ್ತೆ ಕರೆದುಕೊಂಡು ಹೋಗಲಿಲ್ಲ. ಇಂಥ ಭೇಟಿ ಒಂದು ಗಂಟೆ ಮೀರಬಾರದು ಅನ್ನುವ ನಿಯಮ ಸುಮ್ನೆ ಮಾಡಿದ್ದಲ್ಲ. ನಮ್ಮ ಸೆಕೆಗೆ ಅರ್ಧ ಗಂಟೆಯೇ ಜಾಸ್ತಿ ಅನ್ನುತ್ತೇನೆ.

ಹಾಗಾದರೆ ಮಾವನ ಭೇಟಿ ಹೇಗೆ? ಮೊದಲು ಕೇಂದ್ರದ ಡಾಕ್ಟರ ಒಪ್ಪಿಗೆ ಕಾಗದದಲ್ಲಿ ತೆಗೆದುಕೊಳ್ಳಿ, ಮ್ಯಾನೇಜರ ಬಾಯಿಮಾತು ಸಾಲದು. ಸ್ಟ್ರೋಕ್ ಆದವರಿಗೆ ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿರುತ್ತಾರೆ. ಈ ವಯಸ್ಸಿನಲ್ಲಿ ಚರ್ಮವೂ ತೆಳು. ಉಗುರು ಸ್ವಲ್ಪ ತಾಗಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಪಿಂಟುವಿನ ಉಗುರು ಕತ್ತರಿಸಿ, ಕತ್ತರಿಸಿದ್ದು ಸಾಲದು, ಅಂಚು ಉಜ್ಜಿ ನಯ ಮಾಡಿಸಿ. ಹಿಂದಿನ ದಿನ ಸ್ನಾನ. ಲ್ಯಾಬ್‌ನ ಒಳರೋಮ ನಮ್ಮ ಹವೆಯಲ್ಲಿ ಬೇಗ ಒಣಗುವುದಿಲ್ಲ, ಚೆನ್ನಾಗಿ ಒರೆಸಿ ಫ್ಯಾನಿನಡಿ ಕೂರಿಸಿ. ಹೊಟ್ಟೆ ಕೆಟ್ಟು ಒಂದು ವಾರ ಕಳೆಯದಿದ್ದರೆ ಹೋಗಬೇಡಿ.

ಭೇಟಿ ಹೊರಗೇ ಇರಲಿ, ನೆರಳಿರುವ ಜಗಲಿ ಅಥವಾ ಮರದಡಿ, ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದೂವರೆ ಮೇಲೆ. ಮಾವನನ್ನು ವೀಲ್‌ಚೇರಿನಲ್ಲಿ ಕೂರಿಸಿ ಬ್ರೇಕ್ ಹಾಕಿರಲಿ, ಮಡಿಲಿಗೆ ದಪ್ಪ ಬೈರಾಸು (ಟವೆಲ್) ಹೊದಿಸಿ. ಪಿಂಟುವನ್ನು ಎಡಗಡೆಯಿಂದ ತನ್ನಿ. ಎಡಗೈಯಲ್ಲಿ ಅವರೇ ಮುಟ್ಟಬಲ್ಲರು, ಬಲಗಡೆ ಸ್ಪರ್ಶವೂ ಕಡಿಮೆಯಾಗಿದ್ದರೆ ಗೀರಿದರೂ ಅವರಿಗೆ ತಿಳಿಯದೆ ಹೋಗಬಹುದು. ಚೈನು ನಿಮ್ಮ ಕೈಯಲ್ಲೇ ಇರಲಿ, ಗಿಡ್ಡವಾಗಿ. ಮೂರು ತಿಂಗಳಿಂದ ನೋಡದ ಯಜಮಾನ, ಪಿಂಟು ಹಾರದೇ ಇರುವುದು ಸಾಧ್ಯವೇ ಇಲ್ಲ. ಮೂವತ್ತು ಕಿಲೋ ನಾಯಿ ಖುಷಿಯಲ್ಲಿ ಮೈಮೇಲೆ ಬಿದ್ದರೂ ಪೆಟ್ಟು ಪೆಟ್ಟೇ. ಹಾಗಾಗಿ ದೂರದಲ್ಲೇ ನಿಂತು ಅವನ ಕುಣಿತವೆಲ್ಲ ಮುಗಿಯಲಿ, ಕೂತ ಮೇಲೆ ಹತ್ತಿರ ಬನ್ನಿ. ಒಂದು ಉಪಾಯ ಇದೆ. ಮಾವ ಬಳಸಿದ ಬೈರಾಸೊಂದನ್ನು ಒಂದು ವಾರ ಮೊದಲೇ ಮನೆಗೆ ತಂದು ಪಿಂಟು ಮಲಗುವಲ್ಲಿ ಇಡಿ. ಸ್ಟ್ರೋಕ್, ಮಾತ್ರೆ, ಡೆಟಾಲು ಎಲ್ಲ ಸೇರಿ ಮಾವನ ವಾಸನೆ ಈಗ ಬೇರೆ ಆಗಿರುತ್ತದೆ. ಕೆಲವು ನಾಯಿಗಳು ಇದರಿಂದಲೇ ಗೊಂದಲಕ್ಕೆ ಬಿದ್ದು ಹಿಂದೆ ಸರಿಯುತ್ತವೆ, ಮನೆಯವರು ‘ಮರೆತೇಬಿಟ್ಟಿತು’ ಅಂತ ಅಳುತ್ತಾರೆ.

ಮಾವನೂ ನೀವೂ ಮುಟ್ಟುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೈ ತೊಳೆಯಬೇಕು. ಮುಖ ನೆಕ್ಕಲು ಬಿಡಬೇಡಿ, ಮೂಗಿಗೋ ಮೂತ್ರಕ್ಕೋ ಪೈಪು ಹಾಕಿದ್ದರೆ ಪಿಂಟು ಅದರ ಹತ್ತಿರ ಸುಳಿಯಬಾರದು. ನೆಲದ ಮೇಲೆ ಕಣ್ಣಿರಲಿ. ಇಂಥ ಜಾಗಗಳಲ್ಲಿ ಮಂಚದ ಅಡಿ, ಕುರ್ಚಿಯ ಅಡಿ ಮಾತ್ರೆ ಬಿದ್ದಿರುತ್ತವೆ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷ. ಪ್ರೀತಿಯಿಂದ ಯಾರಾದರೂ ದ್ರಾಕ್ಷಿ ಕೊಟ್ಟುಬಿಡಬಹುದು, ಅದೂ ನಾಯಿಗೆ ವಿಷವೇ. ಶುಗರ್ ಇರುವವರು ತಮ್ಮ ಸಕ್ಕರೆ ಇಲ್ಲದ ಮಿಠಾಯಿ ಕೊಡಬಹುದು. ಆ ಮಿಠಾಯಿಯಲ್ಲಿ ಸಕ್ಕರೆ ಬದಲು ಜೈಲಿಟಾಲ್ ಅನ್ನುವ ಸಿಹಿ ಇದ್ದರೆ ನಾಯಿಗೆ ಪ್ರಾಣಾಪಾಯ. ಮೊದಲ ಸಲ ಹತ್ತು ನಿಮಿಷ ಸಾಕು. ಮಾವ ಅತ್ತರೆ ಗಾಬರಿಯಾಗಬೇಡಿ, ಸ್ಟ್ರೋಕ್ ಆದವರಿಗೆ ಅಳು ಬೇಗ ಬರುತ್ತದೆ, ಅದೆಲ್ಲ ದುಃಖವೇ ಆಗಿರಬೇಕಾಗಿಲ್ಲ. ಆದರೆ ಅವರು ಕೈ ಹಿಂದಕ್ಕೆ ಎಳೆದುಕೊಂಡರೆ, ಮುಖ ತಿರುಗಿಸಿದರೆ ಅವತ್ತಿಗೆ ಮುಗಿಯಿತು. ಪಿಂಟು ಮುಖ ತಿರುಗಿಸಿದರೂ ಹಾಗೇ.

ಮ್ಯಾನೇಜರಿಗೆ ಏನು ಹೇಳುವುದು? ಬೇರೆಯವರು ದೂರದಿಂದ ನೋಡಲಿ, ಯಾರಾದರೂ ತಾವಾಗಿ ಕರೆದರೆ, ಪಿಂಟುವೂ ಬಾಲ ಅಲ್ಲಾಡಿಸುತ್ತಾ ಹೋದರೆ, ಒಬ್ಬರು ಇಬ್ಬರು ಮುಟ್ಟಲಿ. ಸುತ್ತು ಹಾಕಿಸುವುದು ಬೇಡ. ಅಷ್ಟು ಆಸೆ ಇದ್ದರೆ ಮಳೆ ಮುಗಿದ ಮೇಲೆ ಅನುಭವ ಇರುವ ತರಬೇತುದಾರರ ಹತ್ತಿರ ಪಿಂಟುವನ್ನು ತೋರಿಸಿ, ವೀಲ್‌ಚೇರು, ಊರುಗೋಲು, ಗಲಾಟೆ ಎಲ್ಲಕ್ಕೂ ರೂಢಿ ಮಾಡಿಸಿ, ಆಮೇಲೆ ನೋಡುವಾ. ಆಗಲೂ ಅವನಿಗೆ ಇಷ್ಟವಿಲ್ಲದಿರಬಹುದು, ಹಾಗಾದರೆ ಒತ್ತಾಯ ಮಾಡಬೇಡಿ. ಜಪಾನಿನವರು ಮರೆವಿನ ಕಾಯಿಲೆಯವರಿಗೆಂದು ಪಾರೋ ಅನ್ನುವ ಸೀಲ್ ಮರಿಯಂಥ ರೋಬೋ ಮಾಡಿದ್ದಾರೆ, ಮುಟ್ಟಿದರೆ ಕಣ್ಣು ಮಿಟುಕಿಸುತ್ತದೆ. ಅದಕ್ಕೆ ದುಡ್ಡು ಜಾಸ್ತಿ. ನಾನು ನೋಡಿದ ಒಂದು ಕಡೆ ಅಂಗಳದಲ್ಲಿ ಹಕ್ಕಿಗಳಿಗೆ ಅಕ್ಕಿ ಹಾಕುವ ಕೆಲಸವನ್ನು ಅಜ್ಜಿಯರಿಗೇ ಬಿಟ್ಟಿದ್ದರು. ಬೆಳಗ್ಗೆ ಆರೂವರೆಗೆಲ್ಲ ಅವರು ಬಾಗಿಲಲ್ಲಿ ಕಾಯುತ್ತಿದ್ದರು.

ಕೊನೆಗೆ ಹೊರಡುವ ಹೊತ್ತು. ಇದನ್ನು ಯಾರೂ ಯೋಚಿಸಿರುವುದಿಲ್ಲ. ಪಿಂಟುವನ್ನು ಎಳೆದುಕೊಂಡು ಹೋಗುವುದನ್ನು ಮಾವ ನೋಡಬಾರದು. ನಿಮ್ಮ ಗಂಡ ಮೊದಲು ಮಾವನ ವೀಲ್‌ಚೇರನ್ನು ಒಳಗೆ ಚಹಾಕ್ಕೆ ಕರೆದುಕೊಂಡು ಹೋಗಲಿ, ನೀವು ಪಿಂಟುವಿನ ಜೊತೆ ಮರದಡಿಯಲ್ಲೇ ಐದು ನಿಮಿಷ ಕೂತಿದ್ದು ಆಮೇಲೆ ಕಾರು ಹತ್ತಿ. ಮುಂದಿನ ಭೇಟಿಯ ವಾರ ಯಾವುದು ಅಂತ ಅವತ್ತೇ ಗೊತ್ತು ಮಾಡಿ, ಮಾವನ ಮಂಚದ ಪಕ್ಕದ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಗುರುತು ಹಾಕಿಸಿ, ಅವರ ಎಡಗೈಯಿಂದಲೇ.